ಮುಂಬಯಿಯ ಹಣ್ಣಿನ ಲೋಟ

ಮುಂಬಯಿ ದ್ವೀಪದ ಹಣ್ಣುಗಳ ಗುಣದೋಷಗಳನ್ನು ಬರೆದಿಟ್ಟ ಹಳಬರಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಮುಖ್ಯನಾದವನು. ಹದಿನಾರನೆಯ ಶತಮಾನದ ನಡುಭಾಗದಲ್ಲಿ ಈ ದ್ವೀಪವೇ ಗುತ್ತಿಗೆಯ ಮೇಲೆ ಅವನ ವಶದಲ್ಲಿತ್ತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಗ್ರಂಥವು ಈ ನಾಡಿನ ಮೂಲಿಕೆ, ಸಾಂಬಾರ ಪದಾರ್ಥ ಹಾಗೂ ಹಣ್ಣುಗಳನ್ನು ಸಂವಾದದ ರೂಪದಲ್ಲಿ ವಿವರಿಸುತ್ತದೆ. ಮುಂಬಯಿಯಲ್ಲಿರುವ ತನ್ನ ಮಾವಿನ ಮರವೊಂದು ವರ್ಷಕ್ಕೆ ಎರಡು ಬಾರಿ ಫಲ ಕೊಡುತ್ತದೆಂದು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಆದರೆ ವೈದ್ಯನಾದ್ದರಿಂದ ರುಚಿಯ ವರ್ಣನೆಗೇ ನಿಲ್ಲುವುದಿಲ್ಲ. ಈ ಹಣ್ಣು ದೇಹಕ್ಕೆ ಉಷ್ಣವೋ ಶೀತವೋ ಎಂಬ ಚರ್ಚೆಯನ್ನೂ ಎತ್ತಿಕೊಳ್ಳುತ್ತಾನೆ. ಹಣ್ಣು ಹಿತವೋ ಅಹಿತವೋ ಎಂಬ ಪ್ರಶ್ನೆ ಈ ನಗರಕ್ಕೆ ನಗರವಾಗುವ ಮೊದಲೇ ಅಂಟಿಕೊಂಡಿತ್ತೆನ್ನಬೇಕು.

ನಾಲ್ಕೂವರೆ ಶತಮಾನಗಳ ಮೇಲೆ ಅದೇ ಪ್ರಶ್ನೆ ಹೊಸ ಹೆಸರಿನಲ್ಲಿ ನಮ್ಮ ಮನೆಗಳಿಗೆ ಬಂದಿದೆ. ಬಾಂದ್ರಾ, ಅಂಧೇರಿ, ಪೊವಾಯಿಗಳ ಉಪಾಹಾರಗೃಹಗಳಲ್ಲಿ ‘ಸ್ಮೂದಿ’ ಎಂಬ ಪೇಯ ಆರೋಗ್ಯದ ಗುರುತಾಗಿ ನಿಂತಿದೆ. ಹಣ್ಣನ್ನು ಸಿಪ್ಪೆ ತೆಗೆದೋ ತೆಗೆಯದೆಯೋ ಯಂತ್ರದಲ್ಲಿ ಅರೆದು, ಹಾಲು, ಮೊಸರು ಅಥವಾ ಬಾದಾಮಿ ಹಾಲನ್ನು ಬೆರೆಸಿ ಗಟ್ಟಿಯಾಗಿ ಕುಡಿಯುವುದು ಇದರ ಕ್ರಮ. ಬೆಳಗಿನ ಉಪಾಹಾರದ ಬದಲು ಇದನ್ನು ಕುಡಿಯುವ ಮಕ್ಕಳು ಒಂದೆಡೆ, ‘ಇದೆಲ್ಲ ಬರೀ ಸಕ್ಕರೆ’ ಎಂದು ಗದರುವ ವೈದ್ಯರು ಇನ್ನೊಂದೆಡೆ ನಿಂತಿದ್ದಾರೆ. ನಡುವೆ ಸಿಕ್ಕಿಕೊಂಡ ತಂದೆತಾಯಂದಿರಲ್ಲಿ ಅನೇಕರಿಗೆ ಈಗಾಗಲೇ ಮಧುಮೇಹವಿದೆ. ಅವರಲ್ಲಿ ಕೆಲವರು ಅದೇ ಹಣ್ಣು ಹಾಲುಗಳನ್ನು ಲೋಟಕ್ಕೆ ಸುರಿದು ಮಾರಿಯೇ ಈ ನಗರದಲ್ಲಿ ಮನೆ ಕಟ್ಟಿದವರು. ಪೌಷ್ಟಿಕಶಾಸ್ತ್ರ ಲೋಟದೊಳಗೆ ಏನಿದೆಯೆಂದು ಹೇಳಬಲ್ಲದು. ಆ ಲೋಟ ಯಾರ ಯಾವ ಅಗತ್ಯಕ್ಕಾಗಿ ಹುಟ್ಟಿತು, ಆ ಅಗತ್ಯ ಇಂದಿಗೂ ಉಳಿದಿದೆಯೇ ಎಂಬುದನ್ನು ಚರಿತ್ರೆಯಿಂದಲೇ ಕೇಳಿ ತಿಳಿಯಬೇಕು.

ಅರೆದ ಹಣ್ಣು ನಮಗೆ ಹೊಸದೇನಲ್ಲ. ಕರಾವಳಿಯ ಮನೆಗಳಲ್ಲಿ ಬಾಳೆಹಣ್ಣಿನ ರಸಾಯನವಿದೆ: ಹಣ್ಣನ್ನು ಸಣ್ಣಗೆ ಹೆಚ್ಚಿ ಅಥವಾ ಕೈಯಲ್ಲೇ ಕಿವುಚಿ, ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಸೇರಿಸಿದರೆ ಸಿದ್ಧವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಮಾವಿನ ಹಣ್ಣಿನ ಸೀಕರಣೆಯಿದೆ. ಮರಾಠಿ ಮನೆಗಳಲ್ಲಿ ಬಾಳೆಹಣ್ಣು ಮತ್ತು ಹಾಲಿನ ಶಿಕರಣವಿದೆ. ಗುಜರಾತಿಗಳಲ್ಲಿ ಪೂರಿಯೊಡನೆ ಆಮ್‌ರಸವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ವು ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಈ ಎಲ್ಲ ಪದಾರ್ಥಗಳಿಗೂ ಎರಡು ಕಟ್ಟುಪಾಡುಗಳಿದ್ದವು. ಒಂದು, ಋತು. ಮಾವು ಮುಗಿದರೆ ಸೀಕರಣೆ ಮುಗಿಯಿತು. ಇನ್ನೊಂದು, ಊಟ. ರಸಾಯನವನ್ನು ಊಟದ ಪಂಕ್ತಿಯಲ್ಲಿ ಸೌಟಿನಲ್ಲಿ ಬಡಿಸುತ್ತಿದ್ದರು. ಬಡಿಸುವವರು ಎರಡನೆಯ ಸಲ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಸಾಕಾಗುತ್ತಿತ್ತು. ಅದನ್ನು ದೋಸೆಯೊಡನೆಯೋ ಚಪಾತಿಯೊಡನೆಯೋ ತಿನ್ನುತ್ತಿದ್ದರೇ ಹೊರತು, ಬಾಯಾರಿಕೆಗೆಂದು ಯಾರೂ ಕುಡಿಯುತ್ತಿರಲಿಲ್ಲ.

ಶಾಸ್ತ್ರಗಳು ಈ ವಿಷಯದಲ್ಲಿ ಒಂದೇ ಮಾತನ್ನು ಹೇಳಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯವು ವಿರುದ್ಧಾಹಾರವನ್ನು ವಿವರಿಸುವಾಗ ಹಾಲಿನೊಡನೆ ಸೇರಬಾರದ ಹಣ್ಣುಗಳ ಉದ್ದವಾದ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ಮಾವು, ಬಾಳೆ, ಹಲಸು, ದಾಳಿಂಬೆ ಎಲ್ಲವೂ ಇವೆ. ಹುಳಿಯಾದುದೆಲ್ಲವೂ ಹಾಲಿಗೆ ವಿರೋಧಿ ಎಂಬುದು ಅಲ್ಲಿಯ ನಿಲುವು. ಬಹುಕಾಲದ ಮೇಲೆ ಬಂದ ‘ಭಾವಪ್ರಕಾಶ’ವಾದರೋ ಹಾಲು ಬೆರೆತ ಮಾವನ್ನು ರುಚಿಕರವೂ ಬಲವರ್ಧಕವೂ ಆದುದೆಂದು ಹೊಗಳುತ್ತದೆ. ಎರಡನ್ನೂ ಓದಿಕೊಂಡ ಮನೆಯ ಹಿರಿಯರು ತಮಗೆ ಒಗ್ಗಿದ್ದನ್ನು ಉಂಡರು, ಒಗ್ಗದ್ದನ್ನು ಬಿಟ್ಟರು. ಹಣ್ಣು ಮತ್ತು ಹಾಲಿನ ಮಿಶ್ರಣವು ಎಲ್ಲರಿಗೂ ಎಲ್ಲ ಕಾಲಕ್ಕೂ ಅಮೃತವೆಂದೋ ವಿಷವೆಂದೋ ಸಾರುವ ಅವಸರ ಅವರಿಗಿರಲಿಲ್ಲ.

ಇನ್ನು ಈ ನಗರಕ್ಕೆ ಬರೋಣ. ಲೋಟದೊಳಗಿನ ತಂಪು ಇಲ್ಲಿಗೆ ಹಡಗಿನಲ್ಲಿ ಬಂತು. ಅಮೆರಿಕದ ಸರೋವರಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ 1830ರ ದಶಕದಿಂದ ಮುಂಬಯಿಗೆ ಸಾಗಿಸತೊಡಗಿದರು. 1834ರಲ್ಲಿ ಪಾರ್ಸಿ ವರ್ತಕ ಜಮ್ಶೇಟ್‌ಜೀ ಜೀಜೀಭಾಯಿ ತಮ್ಮ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದರೆಂದೂ, ಉಂಡವರಿಗೆ ನೆಗಡಿಯಾದುದನ್ನು ಕೇಳಿ ಊರಿನವರು ಮೂದಲಿಸಿದರೆಂದೂ ಕಥೆಯಿದೆ. ತಂಪು ಪದಾರ್ಥ ಆರೋಗ್ಯಕ್ಕೆ ಕೆಡುಕೆಂಬ ಗುಮಾನಿ ಮೊದಲ ದಿನದಿಂದಲೇ ಇತ್ತು. 1860ರಲ್ಲಿ ವಿಹಾರ ಕೆರೆಯ ನೀರು ಕೊಳವೆಗಳಲ್ಲಿ ನಗರಕ್ಕೆ ಹರಿಯಿತು. 1869ರಲ್ಲಿ ಕ್ರಾಫರ್ಡ್ ಮಾರ್ಕೆಟ್ ಎದ್ದು ನಿಂತಿತು. ವಿಲಿಯಂ ಎಮರ್ಸನ್ ವಿನ್ಯಾಸಗೊಳಿಸಿದ ಆ ಕಟ್ಟಡದಲ್ಲಿ ಜಾನ್ ಲಾಕ್‌ವುಡ್ ಕಿಪ್ಲಿಂಗ್ ರೂಪಿಸಿದ ಉಬ್ಬುಶಿಲ್ಪಗಳಿವೆ. ಇಂದು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ ಎಂದು ಹೆಸರಾದ ಈ ಪೇಟೆಗೆ ಕೊಂಕಣದ ಮಾವು, ವಸಯಿಯ ಬಾಳೆ, ನಾಗಪುರದ ಕಿತ್ತಳೆ, ಡಹಾಣೂ ಘೋಲವಡದ ಚಿಕ್ಕು, ಪುರಂದರದ ಅಂಜೂರ ಮತ್ತು ಸೀತಾಫಲಗಳು ಬಂದು ಬೀಳತೊಡಗಿದವು. ಒಂದೊಂದು ಊರಿನ ಋತು ಮುಗಿಯುವಷ್ಟರಲ್ಲಿ ಇನ್ನೊಂದು ಊರಿನದು ಮೊದಲಾಗುತ್ತಿತ್ತು. ಹಳ್ಳಿಯ ರಸಾಯನವನ್ನು ಹಿಡಿದಿಟ್ಟಿದ್ದ ಮೊದಲ ಕಟ್ಟುಪಾಡು, ಎಂದರೆ ಋತು, ಈ ಪೇಟೆಯಲ್ಲಿ ಸಡಿಲವಾಯಿತು.

ಆದರೂ ಸಾಮಾನ್ಯರಿಗೆ ಹಣ್ಣು ದಿನನಿತ್ಯದ ಆಹಾರವಾಗಿರಲಿಲ್ಲ. ಗಿರಣಿ ಕಾರ್ಮಿಕನ ಚಾಳಿನಲ್ಲಿ ಮೋಸಂಬಿ ಕಾಣಿಸಿಕೊಂಡರೆ ಆ ಮನೆಯಲ್ಲಿ ಯಾರೋ ಮಲಗಿದ್ದಾರೆಂದೇ ನೆರೆಯವರು ತಿಳಿಯುತ್ತಿದ್ದರು. ರೋಗಿಯನ್ನು ನೋಡಲು ಹೋಗುವಾಗ ಹಣ್ಣು ಒಯ್ಯುವ ರೂಢಿ ಇಂದಿಗೂ ನಮ್ಮಲ್ಲಿದೆ. ಉಪವಾಸ ಬಿಡುವಾಗ ಕುಡಿಯುವ ಹಣ್ಣಿನ ರಸಕ್ಕೆ ಗಾಂಧೀಜಿಯವರ ಜೀವನ ಒಂದು ಪಾವಿತ್ರ್ಯವನ್ನೇ ತಂದುಕೊಟ್ಟಿತು. 1948ರ ಜನವರಿ 18ರಂದು ದಿಲ್ಲಿಯಲ್ಲಿ ತಮ್ಮ ಕೊನೆಯ ಉಪವಾಸವನ್ನು ಅವರು ಮುಗಿಸಿದ್ದು ಮೌಲಾನಾ ಆಜಾದರು ನೀಡಿದ ಹಣ್ಣಿನ ರಸದಿಂದ. ಹೀಗೆ ನಮ್ಮ ಮನಸ್ಸಿನಲ್ಲಿ ಹಣ್ಣಿನ ರಸವು ಬಳಲಿದ ದೇಹಕ್ಕೆ ಪ್ರಾಣ ಮರಳಿಸುವ ವಸ್ತುವಾಗಿ ಕುಳಿತಿತು. ‘ಜ್ಯೂಸ್ ಎಂದರೆ ಆರೋಗ್ಯ’ ಎಂಬ ನಂಬಿಕೆಯ ಬೇರು ರೋಗಿಯ ಮಂಚದ ಬಳಿ ಮತ್ತು ಉಪವಾಸದ ಚಾಪೆಯ ಬಳಿ ಇದೆ. ಕಾಯಿಲೆ ಬಿದ್ದವನಿಗೂ ಉಪವಾಸ ಮಾಡಿದವನಿಗೂ ಸರಿಯಾದುದು, ಹೊಟ್ಟೆ ತುಂಬ ಉಂಡು ಕುರ್ಚಿಯ ಮೇಲೆ ಕುಳಿತವನಿಗೂ ಸರಿಯೇ ಎಂದು ಕೇಳುವ ಗೊಡವೆಗೆ ಯಾರೂ ಹೋಗಲಿಲ್ಲ.

ಸ್ವಾತಂತ್ರ್ಯದ ಆಚೀಚಿನ ವರ್ಷಗಳಲ್ಲಿ ಸರ್ಕಾರದ ಎರಡು ನಿರ್ಧಾರಗಳು ನಗರದ ಜನ ಏನನ್ನು ಕುಡಿಯಬೇಕೆಂಬುದನ್ನು ತಿದ್ದಹೊರಟವು. ಮೊದಲನೆಯದು ಮದ್ಯನಿಷೇಧ. ಹೃದ್ರೋಗತಜ್ಞರೂ ಮುಂಬಯಿ ಪ್ರಾಂತದ ಮಂತ್ರಿಗಳೂ ಆಗಿದ್ದ ಡಾ. ಎಂ.ಡಿ.ಡಿ. ಗಿಲ್ಡರ್ ಅವರ ಕಾಲದಲ್ಲಿ, 1939ರ ಆಗಸ್ಟ್ 1ರಿಂದ ನಗರದಲ್ಲಿ ನಿಷೇಧ ಜಾರಿಗೆ ಬಂದಿತು; ಆ ಸರ್ಕಾರ ಬಿದ್ದ ಮೇಲೆ ಅದು ಕುಂಟಿತು. 1949ರ ಮುಂಬಯಿ ಮದ್ಯನಿಷೇಧ ಕಾನೂನಿನೊಡನೆ ಮತ್ತೆ ಬಿಗಿಯಾಯಿತು. ಕಳ್ಳಿನ ಬದಲು ನೀರಾ ಕುಡಿಯಿರೆಂದು ಸರ್ಕಾರ ಪ್ರೋತ್ಸಾಹಿಸಿತು; ರೈಲು ನಿಲ್ದಾಣಗಳ ಹತ್ತಿರದ ನೀರಾ ಕೇಂದ್ರಗಳು ಆ ಕಾಲದ ಕುರುಹುಗಳು. ಸಂಜೆ ಕೆಲಸ ಬಿಟ್ಟವನು ನಾಲ್ಕು ಜನರೊಡನೆ ನಿಂತು ನಿರ್ಭಯವಾಗಿ ಕುಡಿಯಬಹುದಾದ ತಂಪಾದ ಸಿಹಿಪೇಯಕ್ಕೆ ಇದರಿಂದ ಒಂದು ಮರ್ಯಾದೆ ಬಂದಿತೆಂದು ಊಹಿಸಲು ಅಡ್ಡಿಯಿಲ್ಲ. ಎರಡನೆಯ ನಿರ್ಧಾರ ಹಾಲಿಗೆ ಸಂಬಂಧಿಸಿದ್ದು. ಅದುವರೆಗೆ ನಗರದ ಹಾಲಿನ ಬಹುಭಾಗ ಊರೊಳಗಿನ ಎಮ್ಮೆಗಳ ತಬೇಲಗಳಿಂದ ಬರುತ್ತಿತ್ತು. ನೀರು ಬೆರೆಸುವುದು ಮಾಮೂಲಾಗಿತ್ತು. ದಾರಾ ಖುರೋಡಿಯವರ ಮುಂದಾಳುತನದಲ್ಲಿ ಗೋರೆಗಾಂವ್ ಬಳಿ 1949ರಲ್ಲಿ ಆರೇ ಹಾಲಿನ ಕಾಲೊನಿ ಹುಟ್ಟಿತು. ಗುಜರಾತಿನ ಖೇಡಾ ಜಿಲ್ಲೆಯ ಸಹಕಾರಿ ಸಂಘದ ಹಾಲೂ ರೈಲಿನಲ್ಲಿ ಬರತೊಡಗಿತು. ಕಾಸಿ, ಬಾಟಲಿಗಳಲ್ಲಿ ಮುಚ್ಚಿದ ಹಾಲು ಮೂಲೆಮೂಲೆಯ ಮಾರಾಟಕಟ್ಟೆಗಳಲ್ಲಿ ದೊರೆಯುವಂತಾಯಿತು.

ಹಣ್ಣಿತ್ತು, ಹಾಲಿತ್ತು, ಮಂಜುಗಡ್ಡೆಯಿತ್ತು. ಅವುಗಳನ್ನು ಒಂದುಗೂಡಿಸುವ ಕೈ ಮತ್ತು ಯಂತ್ರ ಬೇಕಿತ್ತು. ಕೈಗಳಲ್ಲಿ ಬಹಳಷ್ಟು ನಮ್ಮ ಊರುಗಳಿಂದ ಬಂದವು.

ಉಡುಪಿ, ಕುಂದಾಪುರ, ಮಂಗಳೂರು, ಕಾರ್ಕಳದ ಹುಡುಗರು ಹಡಗು ಹತ್ತಿ ಮುಂಬಯಿಗೆ ಬಂದ ಕಥೆ ಇಲ್ಲಿಯ ಕನ್ನಡಿಗರಿಗೆಲ್ಲ ಗೊತ್ತಿದ್ದದ್ದೇ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಮಾಣಿಯಾಗಿ, ಗಲ್ಲಾದ ಮೇಲೆ ಕುಳಿತು, ಕೊನೆಗೆ ಸ್ವಂತ ಹೋಟೆಲು ತೆರೆದವರ ಪೀಳಿಗೆ ಅದು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಕಡೆಗಳಲ್ಲಿ ಊಟವೇ ಪ್ರಧಾನವಾಗಿತ್ತು. ಉಪನಗರಗಳು ಬೆಳೆದಂತೆ ಹೋಟೆಲಿನ ಸ್ವರೂಪ ಬದಲಾಯಿತು. ಇಡ್ಲಿ ದೋಸೆಗಳ ಜೊತೆಗೆ ಪಾವ್‌ಭಾಜಿ ಬಂತು. ಹೋಟೆಲಿನ ಮುಂಭಾಗದಲ್ಲಿ, ರಸ್ತೆಗೆ ಕಾಣುವಂತೆ ಹಣ್ಣುಗಳನ್ನು ಗೋಪುರವಾಗಿ ಜೋಡಿಸಿದ ‘ಜ್ಯೂಸ್ ಸೆಂಟರ್’ ಬಂತು. ಮೋಸಂಬಿ ಮತ್ತು ಕಿತ್ತಳೆ ರಸಗಳನ್ನು ಬೆರೆಸಿದ ‘ಗಂಗಾ ಜಮುನಾ’ ಈ ನಗರದ ಲೋಟಕ್ಕೆ ಸಿಕ್ಕ ಅಂದವಾದ ಹೆಸರುಗಳಲ್ಲೊಂದು. ಚಿಕ್ಕು ಮಿಲ್ಕ್‌ಶೇಕ್, ಬಾಳೆಹಣ್ಣಿನ ಶೇಕ್, ಮಾವಿನ ಶೇಕ್‌ಗಳು ಅದರ ಬೆನ್ನಿಗೇ ಬಂದವು. ಈ ವ್ಯಾಪಾರ ನಮ್ಮವರೊಬ್ಬರದೇ ಆಗಿರಲಿಲ್ಲ. ಹಾಜಿ ಅಲಿ ದರ್ಗಾದ ಎದುರಿನ, ಚೌಪಾಟಿಯ ಅಂಚಿನ ಹೆಸರಾಂತ ಅಂಗಡಿಗಳನ್ನು ಕಟ್ಟಿದವರು ಬೇರೆಯವರು. ಆದರೆ ಉಪನಗರದ ಸಾಮಾನ್ಯ ಗಿರಾಕಿಗೆ ಹಣ್ಣಿನ ಲೋಟವನ್ನು ಕೈಗೆಟಕುವಂತೆ ಮಾಡಿದವರಲ್ಲಿ ಕರಾವಳಿಯ ಹೋಟೆಲಿಗರ ಪಾಲು ದೊಡ್ಡದು.

ಯಂತ್ರದ ಕಥೆಯೂ ಮುಂಬಯಿಯದೇ. ಅಮೆರಿಕದಲ್ಲಿ 1930ರ ದಶಕದಿಂದಲೇ ವಿದ್ಯುತ್ ಬ್ಲೆಂಡರ್ ಪ್ರಚಾರಕ್ಕೆ ಬಂದಿತ್ತು. ‘ಸ್ಮೂದಿ’ ಎಂಬ ಮಾತು ಅಂಗಡಿಯ ಹಲಗೆಯ ಮೇಲೆ ಹೆಸರಾದುದೂ ಅಲ್ಲಿಯೇ, 1970ರ ದಶಕದಲ್ಲಿ. ಆ ವಿದೇಶಿ ಯಂತ್ರಗಳು ಮೆತ್ತನೆಯ ವಸ್ತುಗಳಿಗೆ ಸಾಕಾಗುತ್ತಿದ್ದವೇ ಹೊರತು ನಮ್ಮ ತೆಂಗು, ಅರಿಶಿನ, ಉದ್ದಿನಬೇಳೆಗಳನ್ನು ತಾಳಿಕೊಳ್ಳುತ್ತಿರಲಿಲ್ಲ. ಇಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರು ತಮ್ಮ ಮನೆಯ ಜರ್ಮನ್ ಮಿಕ್ಸರ್ ಕೆಟ್ಟುಹೋದಾಗ ಭಾರತೀಯ ಅಡುಗೆಗೆ ಒಗ್ಗುವ ಯಂತ್ರವನ್ನು ರೂಪಿಸತೊಡಗಿ, 1963ರಲ್ಲಿ ಕಂಪನಿ ಸ್ಥಾಪಿಸಿದರು. ‘ಸುಮೀತ್’ ಮಿಕ್ಸರ್ ಹುಟ್ಟಿದ್ದು ಹೀಗೆ. ಒರಳುಕಲ್ಲಿನ ದುಡಿಮೆಯಿಂದ ಹೆಣ್ಣುಮಕ್ಕಳ ಕೈಯನ್ನು ಬಿಡಿಸಿದ ಆ ಯಂತ್ರವೇ ಹಣ್ಣಿನ ಲೋಟವನ್ನು ಎರಡು ನಿಮಿಷದ ಕೆಲಸವನ್ನಾಗಿಯೂ ಮಾಡಿತು. ಕಿವುಚುವ ಶ್ರಮವಿದ್ದಾಗ ಒಬ್ಬರಿಗೆ ಒಂದು ಹಣ್ಣು ಸಾಕೆನಿಸುತ್ತಿತ್ತು. ಗುಂಡಿ ಒತ್ತುವ ಕಾಲದಲ್ಲಿ ಮೂರು ಹಣ್ಣನ್ನು ಒಟ್ಟಿಗೆ ಹಾಕುವುದು ಕಷ್ಟವೆನಿಸಲಿಲ್ಲ. ಅಳತೆಯೆಂಬ ಎರಡನೆಯ ಕಟ್ಟುಪಾಡೂ ಹೀಗೆ ಕಳಚಿಬಿತ್ತು.

ಆದರೆ ಆ ಕಾಲದ ಗಿರಾಕಿ ಯಾರೆಂಬುದನ್ನು ಮರೆಯಬಾರದು. ಮೂರು ಪಾಳಿಯ ಗಿರಣಿಯ ಕಾರ್ಮಿಕ, ಬಂದರಿನಲ್ಲಿ ಮೂಟೆ ಹೊರುವವನು, ಕಲ್ಯಾಣದಿಂದಲೋ ವಿರಾರದಿಂದಲೋ ನಿಂತುಕೊಂಡೇ ಬರುವ ಗುಮಾಸ್ತ, ವ್ಯಾಯಾಮಶಾಲೆಯ ತರುಣ, ಬೆಳಗಿನ ನಾಲ್ಕಕ್ಕೆ ಎದ್ದು ಮಧ್ಯರಾತ್ರಿಯವರೆಗೆ ಓಡಾಡುವ ಹೋಟೆಲಿನ ಹುಡುಗ. ಎರಡು ಬಾಳೆಹಣ್ಣು ಮತ್ತು ಒಂದು ಲೋಟ ಹಾಲು ಇವರಿಗೆ ನಿಜವಾದ ಊಟವಾಗಿತ್ತು. ಆ ಸಕ್ಕರೆ ಮೈಯಲ್ಲಿ ಉಳಿಯುವ ಮೊದಲೇ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ಉರಿದುಹೋಗುತ್ತಿತ್ತು. ‘ಶಕ್ತಿ ಬರುತ್ತದೆ’ ಎಂಬ ಅಂಗಡಿಯವನ ಮಾತು ಆಗ ಅಕ್ಷರಶಃ ನಿಜವಾಗಿತ್ತು.

ಈ ಪರಂಪರೆಯ ಅತ್ಯಂತ ಪ್ರಸಿದ್ಧ ಹೆಸರು ಮೂಲ್ಕಿಯ ರಘುನಂದನ ಶ್ರೀನಿವಾಸ ಕಾಮತರದು. ಅವರ ತಂದೆ ಹಣ್ಣಿನ ವ್ಯಾಪಾರಿ. ಕೈಯಲ್ಲಿ ಹಿಡಿದು ಹಣ್ಣಿನ ಹದ ತಿಳಿಯುವ ವಿದ್ಯೆ ಮಗನಿಗೆ ಮನೆಯಲ್ಲೇ ಒದಗಿತು. ಮುಂಬಯಿಗೆ ಬಂದು ಅಣ್ಣನ ಹೋಟೆಲಿನಲ್ಲಿ ದುಡಿದ ಅವರು 1984ರ ಫೆಬ್ರವರಿ 14ರಂದು ಜುಹೂವಿನಲ್ಲಿ ‘ನ್ಯಾಚುರಲ್ಸ್’ ಐಸ್‌ಕ್ರೀಮ್ ಅಂಗಡಿ ತೆರೆದರು. ಐಸ್‌ಕ್ರೀಮನ್ನೇ ನಂಬಿದರೆ ಗಿರಾಕಿ ಬರುವರೋ ಇಲ್ಲವೋ ಎಂದು ಮೊದಮೊದಲು ಪಾವ್‌ಭಾಜಿಯನ್ನೂ ಮಾರುತ್ತಿದ್ದರು. ಹಣ್ಣು, ಹಾಲು, ಸಕ್ಕರೆ, ಇಷ್ಟೇ ಸಾಮಗ್ರಿ ಎಂಬುದು ಅವರ ಸೂತ್ರ. ಸೀತಾಫಲ, ಎಳನೀರು, ಹಲಸಿನ ಹಣ್ಣುಗಳನ್ನು ಅವರು ಐಸ್‌ಕ್ರೀಮಿಗೆ ತಂದರು. 2024ರ ಮೇ 17ರಂದು ಅವರು ತೀರಿಕೊಂಡಾಗ ಇಡೀ ದೇಶದ ಪತ್ರಿಕೆಗಳು ಆ ಹಣ್ಣಿನ ವ್ಯಾಪಾರಿಯ ಮಗನನ್ನು ನೆನೆದವು. ಕಾಮತರ ಸೂತ್ರದಲ್ಲಿ ಒಂದು ಪ್ರಾಮಾಣಿಕತೆಯಿದೆ: ಸಕ್ಕರೆಯ ಹೆಸರು ಅದರಲ್ಲಿ ಹಣ್ಣು ಹಾಲುಗಳ ಪಕ್ಕದಲ್ಲೇ ಇದೆ. ಐಸ್‌ಕ್ರೀಮನ್ನು ಯಾರೂ ಪಥ್ಯವೆಂದು ತಿನ್ನುವುದಿಲ್ಲ. ಲೋಟದ ಪೇಯಕ್ಕೆ ಮಾತ್ರ ಆ ಭ್ರಮೆ ಅಂಟಿಕೊಂಡಿತು.

ಭ್ರಮೆಯನ್ನು ಬೆಳೆಸಿದ್ದರಲ್ಲಿ ಬಾಟಲಿ ಮತ್ತು ಪೊಟ್ಟಣಗಳ ಪಾಲೂ ಇದೆ. ಪಾರ್ಸಿ ಮನೆತನವೊಂದು 1889ರಲ್ಲಿ ಸ್ಥಾಪಿಸಿದ ಡ್ಯೂಕ್ಸ್ ಕಂಪನಿಯ ‘ಮ್ಯಾಂಗೋಲಾ’ ಮುಂಬಯಿಯ ಎರಡು ಮೂರು ಪೀಳಿಗೆಗಳ ಬಾಲ್ಯದ ರುಚಿ. 1985ರಲ್ಲಿ ಬಂದ ‘ಫ್ರೂಟಿ’ ಮಾವಿನ ಪೇಯವನ್ನು ಕಾಗದದ ಪೊಟ್ಟಣದಲ್ಲಿಟ್ಟು ಶಾಲೆಯ ಚೀಲಕ್ಕೆ ಸೇರಿಸಿತು. ನಮ್ಮ ಆಹಾರ ನಿಯಮಗಳ ಪ್ರಕಾರ ಇಂಥ ಪೇಯದಲ್ಲಿ ಹಣ್ಣಿನ ಅಂಶ ಸಾಮಾನ್ಯವಾಗಿ ಕನಿಷ್ಠ ಶೇ. 10 ಇದ್ದರೆ ಸಾಕು; ಉಳಿದುದರಲ್ಲಿ ಹೆಚ್ಚಿನದು ನೀರು ಮತ್ತು ಸಕ್ಕರೆ. ಪೊಟ್ಟಣದ ಮೇಲೆ ಚಿತ್ರವಾದರೋ ಇಡೀ ಹಣ್ಣಿನದು. ಗಟ್ಟಿ ಮಾಡಿದ ರಸಕ್ಕೆ ಮತ್ತೆ ನೀರು ಬೆರೆಸಿ ಮಾರುವ ಪೇಯಗಳ ಮೇಲಿನ ‘ಶೇ. 100 ಹಣ್ಣಿನ ರಸ’ ಎಂಬ ಬರಹವನ್ನು ತೆಗೆದುಹಾಕಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಆಜ್ಞೆ ಹೊರಡಿಸಿದ್ದು 2024ರ ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ಒಂದು ಪೀಳಿಗೆ ಆ ಬರಹವನ್ನು ನಂಬಿ ಬೆಳೆದಾಗಿತ್ತು.

ಈಗ ವಿಜ್ಞಾನದ ಮಾತನ್ನು ಕೇಳೋಣ. 1977ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಹತ್ತು ಮಂದಿಗೆ ಒಂದೇ ಪ್ರಮಾಣದ ಸೇಬನ್ನು ಮೂರು ರೂಪಗಳಲ್ಲಿ ಕೊಟ್ಟರು: ಇಡೀ ಹಣ್ಣು, ಅರೆದ ಹಣ್ಣು, ನಾರು ತೆಗೆದ ರಸ. ಇಡೀ ಹಣ್ಣು ತಿನ್ನಲು ಹಿಡಿದ ಸಮಯದ ಹನ್ನೊಂದನೆಯ ಒಂದು ಪಾಲಿನಲ್ಲಿ ರಸ ಮುಗಿದುಹೋಯಿತು. ಹೊಟ್ಟೆ ತುಂಬಿದ ಭಾವ ಇಡೀ ಹಣ್ಣಿನಿಂದ ಹೆಚ್ಚು, ಅರೆದುದರಿಂದ ಅದಕ್ಕಿಂತ ಕಡಿಮೆ, ರಸದಿಂದ ಎಲ್ಲಕ್ಕಿಂತ ಕಡಿಮೆ. ರಸ ಕುಡಿದಾಗ ಇನ್ಸುಲಿನ್ ಹೆಚ್ಚು ಏರಿ, ರಕ್ತದ ಸಕ್ಕರೆ ಆಮೇಲೆ ಕೆಳಕ್ಕೆ ಕುಸಿಯಿತು. ಸ್ಮೂದಿಯ ಸ್ಥಾನ ಯಾವುದೆಂದು ಇದರಿಂದಲೇ ತಿಳಿಯುತ್ತದೆ. ನಾರು ಉಳಿದಿರುವುದರಿಂದ ಅದು ಸೋಸಿದ ರಸಕ್ಕಿಂತ ಮೇಲು; ಹಲ್ಲಿನ ಕೆಲಸವನ್ನು ಯಂತ್ರ ಮಾಡಿರುವುದರಿಂದ ಹಣ್ಣಿಗಿಂತ ಕೀಳು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, ಅಮೆರಿಕದ 1,87,000ಕ್ಕೂ ಹೆಚ್ಚು ಮಂದಿಯನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೂ ಇದೇ ದಿಕ್ಕಿನದು. ದ್ರಾಕ್ಷಿ, ಸೇಬು, ಬ್ಲೂಬೆರಿಯಂಥ ಹಣ್ಣುಗಳನ್ನು ಇಡಿಯಾಗಿ ತಿನ್ನುವವರಲ್ಲಿ ಮಧುಮೇಹ ಕಡಿಮೆಯಿತ್ತು. ಹಣ್ಣಿನ ರಸ ಹೆಚ್ಚು ಕುಡಿಯುವವರಲ್ಲಿ ಹೆಚ್ಚಿತ್ತು.

ವಾದದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೀಜವಿರುವ ಕೆಲವು ಹಣ್ಣುಗಳನ್ನು ಬೀಜಸಹಿತ ನುಣ್ಣಗೆ ಅರೆದಾಗ ರಕ್ತದ ಸಕ್ಕರೆ ಇಡೀ ಹಣ್ಣು ತಿಂದಾಗಿಗಿಂತಲೂ ಕಡಿಮೆ ಏರಿತೆಂದು ಈಚಿನ ಸಣ್ಣ ಪ್ರಯೋಗವೊಂದು ತೋರಿಸಿದೆ. ಬೀಜದೊಳಗಿನ ನಾರು ಹೊರಬರುವುದು ಕಾರಣವಿರಬಹುದು. 2023ರ ಮತ್ತೊಂದು ಪ್ರಯೋಗದಲ್ಲಿ ಸ್ಮೂದಿಗೆ ಬಾಳೆಹಣ್ಣು ಸೇರಿಸಿದಾಗ, ಹೃದಯಕ್ಕೆ ಹಿತವೆನ್ನಲಾದ ಫ್ಲವನಾಲ್ ಎಂಬ ಅಂಶ ದೇಹಕ್ಕೆ ಸೇರುವುದು ತೀವ್ರವಾಗಿ ಕುಗ್ಗಿತು. ಕತ್ತರಿಸಿದ ಬಾಳೆಯನ್ನು ಕಪ್ಪಾಗಿಸುವ ಕಿಣ್ವದ್ದೇ ಆ ಕೆಲಸ. ಯಾವ ಹಣ್ಣು ಯಾವುದರೊಡನೆ ಕೂಡಬೇಕೆಂಬ ಹಳೆಯ ಜಿಜ್ಞಾಸೆ ಮುಗಿದಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಅಳತೆಯ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ. ಬೆರೆಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆಗಳೆಲ್ಲ ಸೇರಿ ದಿನದ ಶಕ್ತಿಯ ಶೇ. 10ನ್ನು ಮೀರಬಾರದೆಂದೂ, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಎರಡು ಸಾವಿರ ಕ್ಯಾಲರಿ ಉಣ್ಣುವವರಿಗೆ ಇದು ಸುಮಾರು 50 ಮತ್ತು 25 ಗ್ರಾಂ. ದೊಡ್ಡ ಲೋಟದ ಕಿತ್ತಳೆ ರಸವೊಂದರಲ್ಲೇ, ಸಕ್ಕರೆ ಬೆರೆಸದೆಯೂ, ಸುಮಾರು 20 ಗ್ರಾಂ ಇರುತ್ತದೆ. ಚಿಕ್ಕು ಶೇಕಿಗೆ ಅಂಗಡಿಯವನು ಹಾಕುವ ಮೂರು ಚಮಚ ಸಕ್ಕರೆ 12 ಗ್ರಾಂ. ಮೇಲೆ ಐಸ್‌ಕ್ರೀಮಿನ ಉಂಡೆ ಬಿದ್ದರೆ ಲೆಕ್ಕ ಅಲ್ಲಿಗೇ ತುಂಬಿತು. ಬ್ರಿಟನ್ನಿನ ಆರೋಗ್ಯ ಇಲಾಖೆಯವರು ರಸವೂ ಸ್ಮೂದಿಯೂ ಸೇರಿ ದಿನಕ್ಕೆ 150 ಮಿಲಿಲೀಟರ್ ಸಾಕೆನ್ನುತ್ತಾರೆ. ಮುಂಬಯಿಯ ಜ್ಯೂಸ್ ಸೆಂಟರಿನ ಲೋಟ ಅದರ ಎರಡರಷ್ಟಾದರೂ ಇರುತ್ತದೆ. ನಮ್ಮ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗದರ್ಶಿಯೂ ರಸಕ್ಕಿಂತ ಹಣ್ಣೇ ಮೇಲೆಂದು ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜು ಮಾಡಿತು. ಪಟ್ಟಣಗಳಲ್ಲಿ ಅದರ ಪ್ರಮಾಣ ಶೇ. 16.4, ಹಳ್ಳಿಗಳಲ್ಲಿ ಶೇ. 8.9.

ರಸ್ತೆಬದಿಯ ಲೋಟಕ್ಕೆ ಸಕ್ಕರೆಗಿಂತ ಮೊದಲಿನ ಅಪಾಯ ಇನ್ನೊಂದಿದೆ: ನೀರು ಮತ್ತು ಮಂಜುಗಡ್ಡೆ. ಮೀನು ಕೆಡದಂತೆ ಇಡಲು ಮಾಡಿದ ಮಂಜುಗಡ್ಡೆ ಹಣ್ಣಿನ ಲೋಟಕ್ಕೂ ಬೀಳುವುದನ್ನು ತಡೆಯಲು, ತಿನ್ನಲಾಗದ ಮಂಜುಗಡ್ಡೆಗೆ ನೀಲಿ ಬಣ್ಣ ಹಾಕಬೇಕೆಂಬ ನಿಯಮವನ್ನು ಮಹಾರಾಷ್ಟ್ರದಲ್ಲಿ 2018ರಲ್ಲಿ ತರಲಾಯಿತು. 2019ರ ಮಾರ್ಚ್‌ನಲ್ಲಿ ಕುರ್ಲಾ ನಿಲ್ದಾಣದ ಮಳಿಗೆಯೊಂದರಲ್ಲಿ ನಿಂಬೆ ಶರಬತ್ತನ್ನು ಕೊಳಕಾಗಿ ತಯಾರಿಸುತ್ತಿದ್ದ ದೃಶ್ಯ ಎಲ್ಲೆಡೆ ಹರಡಿದಾಗ, ಮಧ್ಯ ರೈಲ್ವೆ ತನ್ನ ನಿಲ್ದಾಣಗಳಲ್ಲಿ ಅಂಥ ಬಿಡಿ ಶರಬತ್ತುಗಳ ಮಾರಾಟವನ್ನೇ ನಿಲ್ಲಿಸಿತು. ಎದುರಿನಲ್ಲೇ ಹಣ್ಣು ಕತ್ತರಿಸಿ, ಮಂಜುಗಡ್ಡೆಯಿಲ್ಲದೆ ಕೊಡುವ ಅಂಗಡಿಯನ್ನು ಅರಸುವ ಹಿರಿಯರ ಅಭ್ಯಾಸ ಬರೀ ಮಡಿವಂತಿಕೆಯಾಗಿರಲಿಲ್ಲ.

ನಗರ ಬದಲಾಗಿರುವುದು ಗಿರಾಕಿಯಲ್ಲಿ. 1982ರ ಜನವರಿಯಲ್ಲಿ ಮೊದಲಾದ ಗಿರಣಿ ಮುಷ್ಕರದ ನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಪರೇಲ, ಲೋವರ್ ಪರೇಲಗಳ ಅದೇ ನೆಲದಲ್ಲಿ ಇಂದು ಮಾಲುಗಳೂ ಕಚೇರಿಗಳೂ ವ್ಯಾಯಾಮ ಮಂದಿರಗಳೂ ಇವೆ. ನೂಲಿನ ಧೂಳಿನಲ್ಲಿ ಎಂಟು ಗಂಟೆ ನಿಂತವನು ಹೊಟ್ಟೆ ತುಂಬಿಸಿಕೊಳ್ಳಲು ಕುಡಿಯುತ್ತಿದ್ದ ಬಾಳೆಹಣ್ಣಿನ ಹಾಲನ್ನು, ಎಂಟು ಗಂಟೆ ಕುಳಿತವನು ಈಗ ಮೈ ಇಳಿಸಿಕೊಳ್ಳಲೆಂದು ಹತ್ತಿಪ್ಪತ್ತು ಪಟ್ಟು ಬೆಲೆ ಕೊಟ್ಟು ಕುಡಿಯುತ್ತಾನೆ. ಹಣ್ಣು ಬದಲಾಗಿಲ್ಲ, ಹಾಲು ಬದಲಾಗಿಲ್ಲ, ಹಸಿವು ಹೋಗಿದೆ. ಹೋಟೆಲಿನ ಹುಡುಗರಾಗಿ ಬಂದು ಮಾಲೀಕರಾದ ನಮ್ಮ ಹಿರಿಯರ ಬದುಕಿನಲ್ಲೂ ಇದೇ ನಡೆದಿದೆ. ಇಪ್ಪತ್ತರ ಹರೆಯದಲ್ಲಿ ಅವರನ್ನು ಸಾಕಿದ ಲೋಟ ಅರುವತ್ತರಲ್ಲಿ, ಗಲ್ಲಾದ ಹಿಂದಿನ ಕುರ್ಚಿಯಲ್ಲಿ, ಅವರಿಗೆ ಹಾನಿಕರವಾಗಿದೆ. ಅದರಲ್ಲಿ ಲೋಟದ ದ್ರೋಹವೇನೂ ಇಲ್ಲ. ಬದುಕು ಬದಲಾದರೂ ಅಳತೆ ಬದಲಾಗಲಿಲ್ಲ, ಅಷ್ಟೆ.

ಆದ್ದರಿಂದ ಹಣ್ಣಿನ ಸ್ಮೂದಿ ಆರೋಗ್ಯಕ್ಕೆ ಒಳ್ಳೆಯದೇ ಎಂದು ಕೇಳುವವರಿಗೆ ಈ ನಗರದ ಚರಿತ್ರೆ ಕೊಡುವ ಉತ್ತರ ಹೀಗಿದೆ. ಊಟದ ಬದಲಾಗಿ ಕುಡಿದರೆ, ಸಕ್ಕರೆ ಬೆರೆಸದಿದ್ದರೆ, ಲೋಟ ಚಿಕ್ಕದಾದರೆ, ಅದೊಂದು ಒಳ್ಳೆಯ ಉಪಾಹಾರ. ಊಟ ಬೇಡವೆನ್ನುವ ಮಗುವಿಗೆ, ಹಲ್ಲು ಹೋದ ಅಜ್ಜಿಗೆ, ಜ್ವರದಿಂದ ಎದ್ದವರಿಗೆ, ನಸುಕಿನಲ್ಲೇ ಲೋಕಲ್ ಹಿಡಿಯುವವರಿಗೆ ಅದು ಈಗಲೂ ಉಪಕಾರಿಯೇ. ಊಟದ ಮೇಲೆ, ಬಾಯಾರಿಕೆಗೆ, ಅಥವಾ ಮಾಡದ ವ್ಯಾಯಾಮಕ್ಕೆ ಪ್ರಾಯಶ್ಚಿತ್ತವಾಗಿ ಕುಡಿದರೆ ಅದು ಸಿಹಿತಿಂಡಿಯೇ ಸರಿ. ಮಧುಮೇಹವಿದ್ದವರು ತಮ್ಮ ವೈದ್ಯರನ್ನು ಕೇಳಿ, ಹಣ್ಣನ್ನು ಹಣ್ಣಾಗಿಯೇ ತಿನ್ನುವುದು ಲೇಸು. ವಾಶಿಯ ಸಗಟು ಮಾರುಕಟ್ಟೆಗೆ ಇಂದಿಗೂ ರತ್ನಾಗಿರಿಯ ಮಾವೂ ನಮ್ಮ ಕರ್ನಾಟಕದ ಮಾವೂ ಋತು ತಪ್ಪದೆ ಬಂದಿಳಿಯುತ್ತವೆ. ಪೇಟೆಯಿಂದ ಒಂದು ಡಜನ್ ತಂದು, ಮನೆಯವರೆಲ್ಲ ಸುತ್ತ ಕುಳಿತು, ಗೊರಟು ಯಾರಿಗೆಂದು ಜಗಳವಾಡುತ್ತ ತಿನ್ನುವುದಕ್ಕೆ ಯಂತ್ರವೂ ಬೇಡ, ಲೋಟವೂ ಬೇಡ.